ಎಂಬತ್ತು ದಿನ ಕಾಯುವ ಕಸ

ಕೋಲಾರದ ಒಂದು ಆಸ್ಪತ್ರೆಯಲ್ಲಿ ನಾನು ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ಏನು ಕೆಲಸ ಅಂತ ಯಾರಾದರೂ ಕೇಳಿದರೆ ಸ್ಕ್ಯಾನಿಂಗ್ ಅಂತ ಹೇಳುತ್ತೇನೆ. ಆದರೆ ಸ್ಕ್ಯಾನಿಂಗ್ ಅರ್ಧ ಕೆಲಸ ಅಷ್ಟೇ. ಇನ್ನರ್ಧ ಕಸ ಕಾಯುವುದು. ವಿಕಿರಣ ಇರುವ ಕಸವನ್ನು ಬೇರೆ ಮಾಡಬೇಕು, ಚೀಟಿ ಅಂಟಿಸಬೇಕು, ಬೀಗ ಹಾಕಬೇಕು, ದಿನ ಎಣಿಸಬೇಕು, ಅದರಲ್ಲಿ ವಿಕಿರಣ ಸತ್ತುಹೋಗಿದೆ ಅಂತ ಮೀಟರು ಹೇಳಿದ ಮೇಲೆ ಬೇರೆ ಕಸದ ಜೊತೆ ಹೊರಗೆ ಕಳಿಸಬೇಕು. ನಮ್ಮಲ್ಲಿ ಅಯೋಡಿನ್ ವಾರ್ಡು ಶುರುವಾದ ವರ್ಷ ನಡೆದದ್ದನ್ನು ಬರೆದಿಡಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು. ಅದರಲ್ಲೂ ನಮ್ಮ ವಾರ್ಡಿನ ಹೌಸ್‌ಕೀಪಿಂಗ್ ಅಕ್ಕ ಅವತ್ತು ಕೇಳಿದ ಒಂದು ಮಾತಿಗೋಸ್ಕರ.

ಮೊದಲು ಸ್ಕ್ಯಾನಿನ ಕಸದ ಬಗ್ಗೆ ಹೇಳಿಬಿಡುತ್ತೇನೆ, ಅದು ಸುಲಭ. ಸ್ಕ್ಯಾನಿಗೆ ನಾವು ಜಾಸ್ತಿ ಬಳಸುವುದು ಟೆಕ್ನೀಷಿಯಂ-99ಎಂ ಅನ್ನುವ ವಿಕಿರಣ ವಸ್ತು. ಅದಕ್ಕೆ ಜನರೇಟರ್ ಅಂತ ಒಂದು ಸೀಸದ ಡಬ್ಬಿ ಬರುತ್ತದೆ. ಒಳಗೆ ಮಾಲಿಬ್ಡಿನಂ-99 ಇರುತ್ತದೆ, ಅದು ಕಮ್ಮಿಯಾಗುತ್ತಾ ಟೆಕ್ನೀಷಿಯಂ ಆಗುತ್ತದೆ. ಬೆಳಗ್ಗೆ ಅದರೊಳಗೆ ಸಲೈನ್ ಹಾಯಿಸಿ ಆ ದಿನದ ಟೆಕ್ನೀಷಿಯಂ ತೆಗೆಯುತ್ತೇವೆ. ಈ ಕೆಲಸದವರೆಲ್ಲ ಇದಕ್ಕೆ ಹಾಲು ಕರೆಯುವುದು ಅಂತಲೇ ಅನ್ನುವುದು, ಜನರೇಟರಿಗೆ ಹಸು ಅಂತ ಹೆಸರು. ನಮ್ಮ ಅಕ್ಕ ಬೆಳಗಿನ ಜಾವ ಎದ್ದು ಡೈರಿಗೆ ಹಾಲು ಹಾಕಿ ಕೆಲಸಕ್ಕೆ ಬರುವವರು. ಅವರಿಗೆ ಇದನ್ನು ಹೇಳಿದ ತಕ್ಷಣ, 'ದಿನಾ ಕರೆದರೆ ಹಾಲು ಕಮ್ಮಿ ಆಗ್ತಾ ಬರಬೇಕಲ್ಲಾ ಮೇಡಂ?' ಅಂದರು. ಹೌದು, ಹಾಗೇ ಆಗುತ್ತದೆ. ಮಾಲಿಬ್ಡಿನಂ 66 ಗಂಟೆಗೆ ಅರ್ಧ ಆಗುತ್ತದೆ, ವಾರ ದಾಟಿದರೆ ಹಸು ಬತ್ತಿದ ಹಾಗೇ. ನಾನು ಕಾಲೇಜಿನಲ್ಲಿ ಗ್ರಾಫ್ ಬರೆದು ಕಲಿತದ್ದು ಅವರಿಗೆ ಕೊಟ್ಟಿಗೆಯಲ್ಲೇ ಗೊತ್ತಿತ್ತು.

ಟೆಕ್ನೀಷಿಯಂ ಆರು ಗಂಟೆಗೆ ಅರ್ಧ ಆಗುತ್ತದೆ. ಇದಕ್ಕೆ ಅರ್ಧಾಯು ಅನ್ನುತ್ತಾರೆ. ಮತ್ತೆ ಆರು ಗಂಟೆಗೆ ಕಾಲು, ಮತ್ತೆ ಆರಕ್ಕೆ ಅರೆಕಾಲು. ಹೀಗೆ ಹತ್ತು ಸಲ ಅರ್ಧ ಆದರೆ ಉಳಿಯುವುದು ಹೆಚ್ಚುಕಮ್ಮಿ ಸಾವಿರದಲ್ಲಿ ಒಂದು ಪಾಲು. ಹತ್ತು ಸಲ ಅಂದರೆ 60 ಗಂಟೆ. ಶುಕ್ರವಾರ ಸಂಜೆ ಆರಕ್ಕೆ ಸೀಸದ ಡಬ್ಬಿಗೆ ಹಾಕಿದ ಸಿರಿಂಜು, ಹತ್ತಿ, ಗ್ಲೌಸು ಸೋಮವಾರ ಬೆಳಗ್ಗೆ ಆರಕ್ಕೆ ಆ ಮಟ್ಟಕ್ಕೆ ಬಂದಿರುತ್ತವೆ. ಆಮೇಲೆ ಮೀಟರು ಹಿಡಿದು ನೋಡಿ, ಚೀಲದ ಮೇಲೆ ವಿಕಿರಣ ಇದೆ ಅಂತ ಎಚ್ಚರಿಸುವ ಮೂರೆಲೆ ಗುರುತನ್ನು ಹರಿದು ಹಾಕಿ, ಸೂಜಿಯನ್ನು ಬಿಳಿ ಡಬ್ಬಿಗೆ, ಹತ್ತಿಯನ್ನು ಹಳದಿ ಚೀಲಕ್ಕೆ ಕೊಡುತ್ತೇವೆ. ಗುರುತು ಹರಿಯುವುದನ್ನು ಮರೆಯಬಾರದು. ಏನೂ ಇಲ್ಲದ ಚೀಲದ ಮೇಲೆ ಆ ಗುರುತು ಉಳಿದರೆ ಸುಮ್ನೆ ಗಾಬರಿ. ಅದಕ್ಕಿಂತ ಹೆಚ್ಚಾಗಿ, ನೋಡಿ ನೋಡಿ ಅಭ್ಯಾಸವಾಗಿ, ನಿಜವಾದ ಗುರುತನ್ನೂ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಾದರೂ ಪ್ರಯೋಜನ ಇಲ್ಲದ ವಸ್ತು ನಮ್ಮಲ್ಲಿ ಒಂದಿದೆ. ಯಂತ್ರ ಸರಿಯಾಗಿ ಅಳೆಯುತ್ತಿದೆಯಾ ಅಂತ ನೋಡಲು ಇಟ್ಟ ಸೀಸಿಯಂ-137ರ ಪುಟ್ಟ ಬಾಟಲಿ. ಅದರ ಅರ್ಧಾಯು 30 ವರ್ಷ. ಅದು ಯಾವತ್ತೂ ನಮ್ಮ ಕಸ ಆಗುವ ಹಾಗಿಲ್ಲ, ಕೆಲಸ ಮುಗಿದ ಮೇಲೆ ಅನುಮತಿ ಪಡೆದು ಕೊಟ್ಟವರಿಗೇ ವಾಪಸ್ ಕಳಿಸಬೇಕು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಏನಾಯ್ತು ಅಂತ ಕೆಲವರಿಗೆ ನೆನಪಿರಬಹುದು. ಒಂದು ವಿಶ್ವವಿದ್ಯಾಲಯದಲ್ಲಿ ಬಳಸದೆ ಬಿದ್ದಿದ್ದ ಹಳೆಯ ಯಂತ್ರ ಗುಜರಿಗೆ ಹೋಯ್ತು. ಒಳಗೆ ಕೋಬಾಲ್ಟ್-60 ಇತ್ತು. ಗುಜರಿಯವರು ಅದನ್ನು ಬಿಚ್ಚಿದರು, ಹಲವರಿಗೆ ಕಾಯಿಲೆ ಆಯ್ತು, ಒಬ್ಬರು ಸತ್ತರು. ಆ ಗುಜರಿ ಕೆಲಸದವರಿಗೆ ಒಳಗೆ ಏನಿದೆ ಅಂತ ಯಾರೂ ಹೇಳಿರಲಿಲ್ಲ.

ಈಗ ಅಯೋಡಿನ್ ವಾರ್ಡು.

ಥೈರಾಯ್ಡ್ ಕ್ಯಾನ್ಸರ್ ಆದವರಿಗೆ ಆಪರೇಷನ್ ಮಾಡಿದ ಮೇಲೆ ಎಷ್ಟೋ ಜನರಿಗೆ ಅಯೋಡಿನ್-131, ಅಂದರೆ ವಿಕಿರಣ ಸೂಸುವ ಅಯೋಡಿನ್ ಕೊಡಬೇಕಾಗುತ್ತದೆ. ಥೈರಾಯ್ಡ್ ಜೀವಕೋಶ ಎಲ್ಲಿ ಉಳಿದಿದ್ದರೂ ಅಯೋಡಿನನ್ನು ಎಳೆದುಕೊಳ್ಳುತ್ತದೆ, ಒಳಗೆ ಹೋದ ಅಯೋಡಿನ್ ಅದನ್ನು ಸುಟ್ಟುಹಾಕುತ್ತದೆ. ತುಂಬಾ ಒಳ್ಳೆಯ ಔಷಧಿ. ಆದರೆ ದೇಹಕ್ಕೆ ಬೇಡವಾದ ಅಯೋಡಿನ್ ಹೊರಗೆ ಬರಬೇಕಲ್ಲ, ಬಹುಪಾಲು ಮೊದಲ ಎರಡು ದಿನದಲ್ಲೇ ಮೂತ್ರದಲ್ಲಿ ಬರುತ್ತದೆ. ಸ್ವಲ್ಪ ಬೆವರಲ್ಲಿ, ಎಂಜಲಲ್ಲಿ. ಅಂದರೆ ರೋಗಿ ಮುಟ್ಟಿದ ತಟ್ಟೆ, ದಿಂಬು, ಉಂಡು ಬಿಟ್ಟ ಅನ್ನ, ಟಾಯ್ಲೆಟ್ಟಿನ ನೀರು ಎಲ್ಲದರಲ್ಲೂ ಇರುತ್ತದೆ. ಇದರ ಅರ್ಧಾಯು ಎಂಟು ದಿನ. ಹತ್ತು ಸಲ ಅರ್ಧ ಆಗಲು 80 ದಿನ. ಆ ಎಂಬತ್ತು ದಿನವೇ ನಮ್ಮ ಕೆಲಸ.

ವಿಕಿರಣ ವಸ್ತುವನ್ನು ಮಿಲಿಕ್ಯೂರಿಯಲ್ಲಿ ಅಳೆಯುತ್ತಾರೆ, 30 ಮಿಲಿಕ್ಯೂರಿಗಿಂತ ಜಾಸ್ತಿ ಕೊಟ್ಟರೆ ರೋಗಿಯನ್ನು ಬೇರೆ ಕೋಣೆಯಲ್ಲಿ ಇಡಬೇಕು ಅಂತ ನಿಯಮ. ಅದಕ್ಕೆ ದಪ್ಪ ಗೋಡೆಯ ಎರಡು ಕೋಣೆ, ಒಂದೊಂದಕ್ಕೂ ಸ್ವಂತ ಟಾಯ್ಲೆಟ್. ಆ ಟಾಯ್ಲೆಟ್ಟಿನ ನೀರು ಚರಂಡಿಗೆ ಹೋಗುವಂತಿಲ್ಲ, ಹಿಡಿದಿಟ್ಟು ಕಾಯುವ ಡಿಲೇ ಟ್ಯಾಂಕಿಗೆ ನೇರವಾಗಿ ಹೋಗಬೇಕು. ಎರಡು ಟ್ಯಾಂಕು. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು, ಇನ್ನೊಂದು ತುಂಬುವ ಹೊತ್ತಿಗೆ ಮೊದಲನೆಯದರಲ್ಲಿ ವಿಕಿರಣ ಸತ್ತುಹೋಗಿರಬೇಕು. ಪ್ಲಾನ್ ಎಲ್ಲಾ ಎಇಆರ್‌ಬಿಗೆ, ಅಂದರೆ ಮುಂಬೈಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ, ಇ-ಲೋರಾ ಅನ್ನುವ ಅವರ ಆನ್‌ಲೈನ್ ವ್ಯವಸ್ಥೆಯಲ್ಲಿ ಕಳಿಸಬೇಕು. ಅವರು ಒಪ್ಪದೆ ಇಟ್ಟಿಗೆ ಇಡುವ ಹಾಗಿಲ್ಲ. ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿ ಅಂತ ಒಬ್ಬರು ಇರಲೇಬೇಕು. ನಾವು ಆರ್‌ಎಸ್‌ಓ ಸರ್ ಅನ್ನುತ್ತೇವೆ.

ಟ್ಯಾಂಕು ಕಟ್ಟಿದ ಮೇಲೆ ಸುಮ್ನೆ ನಲ್ಲಿ ನೀರು ತುಂಬಿಸಿ ಒಂದು ವಾರ ಬಿಟ್ಟೆವು. ಐದನೇ ದಿನ ಒಂದು ಪೈಪಿನ ಜಾಯಿಂಟಿನ ಕೆಳಗೆ ಅಂಗೈಯಷ್ಟು ಒದ್ದೆ. ಮೇಸ್ತ್ರಿ ಮೇಲಿಂದ ಒಂದಿಷ್ಟು ಪೇಸ್ಟು ಮೆತ್ತಿ 'ಇನ್ನು ಸೋರಲ್ಲ ಸಾರ್' ಅಂದ. ಆರ್‌ಎಸ್‌ಓ ಸರ್ ಒಪ್ಪಲಿಲ್ಲ. ಆ ಭಾಗ ಪೂರ್ತಿ ಕಿತ್ತು ಹೊಸದು ಹಾಕಿಸಿದರು, ಮತ್ತೆ ನೀರು ತುಂಬಿಸಿ ಮತ್ತೆ ಒಂದು ವಾರ ಕಾದರು. ಎಲ್ಲರೂ ಬೇಜಾರು ಮಾಡಿಕೊಂಡರು. ನನಗೂ ಆಗ ಇಷ್ಟೊಂದು ಯಾಕೆ ಅನ್ನಿಸಿತ್ತು.

ಅಷ್ಟರಲ್ಲಿ ಅಕ್ಕಪಕ್ಕದ ಬೀದಿಯವರಿಗೆ ಸುದ್ದಿ ಹೋಯ್ತು. ಆಸ್ಪತ್ರೆಯಲ್ಲಿ ಅಣು ಕಸ ಹೂಳ್ತಾರಂತೆ ಅಂತ. ನಮ್ಮ ಜಿಲ್ಲೆಯಲ್ಲಿ ಈ ಮಾತು ಬೇರೆ ಕಡೆಯ ಹಾಗಲ್ಲ. 2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ತ್ಯಾಜ್ಯವನ್ನು ಕೆಜಿಎಫ್ ಗಣಿಯಲ್ಲಿ ಇಡುತ್ತಾರೆ ಅಂತ ಸುದ್ದಿ ಬಂದಾಗ ಜನ ಬೀದಿಗೆ ಇಳಿದಿದ್ದರು. 2001ರಲ್ಲಿ ಗಣಿ ಮುಚ್ಚಿ ಕೆಲಸ ಕಳೆದುಕೊಂಡ ಊರು ಅದು, ಈಗ ಕಸ ತುಂಬೋಕೆ ನಮ್ಮೂರು ಬೇಕಾ ಅನ್ನುವ ಸಿಟ್ಟು. ಅಂಥ ಯೋಚನೆ ಇಲ್ಲ ಅಂತ ಆಮೇಲೆ ಸರ್ಕಾರ ಹೇಳಿತು. ಆದರೂ ಮನಸ್ಸಿನಲ್ಲಿ ಉಳಿದಿದೆ. ಅದರ ಮೇಲೆ ನೀರಿನ ಚಿಂತೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ, ಆವತ್ತಿನಿಂದ ಕೋಲಾರದಲ್ಲಿ ಯಾರನ್ನೇ ಕೇಳಿ, ಎಂಥ ನೀರು, ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ ಅಂತ ಕೇಳದೆ ಬಿಡುವುದಿಲ್ಲ. ಕೇಳಬೇಕು ಕೂಡ. ಬೋರ್‌ವೆಲ್ ನಂಬಿ ಬದುಕುವ ಜನ ಅಲ್ವಾ.

ಒಂದು ಭಾನುವಾರ ಹತ್ತು ಹದಿನೈದು ಜನ ಬಂದರು. ಮ್ಯಾನೇಜ್‌ಮೆಂಟಿನವರು ಒಂದು ಪತ್ರ ಕೊಟ್ಟು ಕಳಿಸೋಣ ಅಂದಿದ್ದರು. ಆರ್‌ಎಸ್‌ಓ ಸರ್ ಬೇಡ ಅಂದು ಎಲ್ಲರನ್ನೂ ಒಳಗೆ ಕರೆದು ಕೂರಿಸಿದರು. ಅವರಲ್ಲಿ ಒಬ್ಬರು ತಾತ, ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅವರು ಕೂಗಾಡಲಿಲ್ಲ. 'ನಿಮ್ಮ ಕಸ ಎಷ್ಟು ವರ್ಷ ಇರ್ತದಮ್ಮಾ?' ಅಂತ ನನ್ನನ್ನೇ ಕೇಳಿದರು.

'ವರ್ಷದ ಲೆಕ್ಕ ಅಲ್ಲ ತಾತ, ದಿನದ ಲೆಕ್ಕ' ಅಂದೆ. ಸ್ಥಾವರದಲ್ಲಿ ಉರಿದ ಇಂಧನದಿಂದ ಬರುವ ಕಸದಲ್ಲಿ ಸಾವಿರಾರು ವರ್ಷ ಉಳಿಯುವ ವಸ್ತು ಇರುತ್ತವೆ, ಅದಕ್ಕೇ ಭೂಮಿಯ ಆಳದಲ್ಲಿ ಇಡುವ ಮಾತು ಬರುವುದು. ನಮ್ಮದು ಎಂಟು ದಿನಕ್ಕೆ ಅರ್ಧ. ಇಲ್ಲಿ ಹೂಳುವುದು ಏನೂ ಇಲ್ಲ. ಇಟ್ಟುಕೊಂಡು ಕಾಯುವುದು. ಹೀಗೆ ಹೇಳಿ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ನೂರು, ಐವತ್ತು, ಇಪ್ಪತ್ತೈದು, ಹನ್ನೆರಡೂವರೆ. ತಾತ ಬೆರಳು ಮಡಚುತ್ತಾ ಕೊನೆತನಕ ಲೆಕ್ಕ ಹಾಕಿದರು.

ಆಮೇಲೆ ಟ್ಯಾಂಕು ತೋರಿಸಿದೆವು. ಸುತ್ತ ಕಟ್ಟಿದ ತೊಟ್ಟಿಗೋಡೆ, ಸೋರಿದರೂ ಅಲ್ಲೇ ನಿಲ್ಲುವ ಹಾಗೆ. ಮೀಟರು ಅವರ ಕೈಗೇ ಕೊಟ್ಟೆ. ಆಗಿನ್ನೂ ಅಯೋಡಿನ್ ಬಂದೇ ಇರಲಿಲ್ಲ, ಆದರೂ ಮೀಟರು ಸೊನ್ನೆ ತೋರಿಸಲಿಲ್ಲ. ನಮ್ಮದು ಬಂಡೆ ಸೀಮೆ, ಗ್ರಾನೈಟಿನಲ್ಲಿ ಹುಟ್ಟಿನಿಂದಲೇ ಸ್ವಲ್ಪ ಯುರೇನಿಯಂ, ಥೋರಿಯಂ ಇರುತ್ತದೆ, ಆಕಾಶದಿಂದಲೂ ಸ್ವಲ್ಪ ಬರುತ್ತದೆ. ಮೊದಲೇ ಇಷ್ಟು ಇದೆ ಅಂತ ಅವರ ಕಣ್ಣೆದುರೇ ಬರೆದಿಟ್ಟೆವು, ಮುಂದೆ ಯಾವತ್ತಾದರೂ ಬಂದು ಹೋಲಿಸಿ ನೋಡಬಹುದು ಅಂತ ಹೇಳಿದೆವು. ಹೊರಡುವಾಗ ತಾತ ಇನ್ನೊಂದು ಕೇಳಿದರು. 'ಇದರ ಕೀಲಿ ಯಾರ ಹತ್ರ ಇರ್ತದೆ?' ಆರ್‌ಎಸ್‌ಓ ಸರ್ ಹತ್ರ ಒಂದು, ನನ್ನ ಹತ್ರ ಒಂದು ಅಂದೆ. 'ಸರಿ. ನಿನ್ನ ಮುಖ ಗುರುತು ಇಟ್ಕೊಂಡಿದೀನಿ' ಅಂದರು. ಆ ಮಾತು ಇವತ್ತಿಗೂ ನನ್ನ ಜೊತೆ ಇದೆ.

ಮೊದಲ ರೋಗಿ ಶ್ರೀನಿವಾಸಪುರದ ಕಡೆಯ ಒಬ್ಬ ಹೆಂಗಸು. ನಲವತ್ತರ ಆಸುಪಾಸು, ಮನೆಯವರದು ಮಾವಿನ ತೋಟ. ಎರಡು ವಾರ ಮುಂಚಿನಿಂದ ಅಯೋಡಿನ್ ಕಮ್ಮಿ ಇರುವ ಊಟ ಮಾಡಬೇಕು, ಹಾಲು, ಮೊಟ್ಟೆ, ಅಯೋಡಿನ್ ಉಪ್ಪು ಬಿಡಬೇಕು. ಮುದ್ದೆಗೆ ಬಸ್ಸಾರು ಆಗತ್ತಾ ಅಂತ ಫೋನು ಮಾಡಿ ಕೇಳಿದ್ದರು. ಅಯೋಡಿನ್ ಇಲ್ಲದ ಉಪ್ಪಾದರೆ ಆಗುತ್ತೆ ಅಂದಿದ್ದೆ. ಸೇರಿಸಿಕೊಳ್ಳುವ ದಿನ ಎಲ್ಲಾ ಹೇಳಿಕೊಟ್ಟೆ. ನೀರು ಜಾಸ್ತಿ ಕುಡೀರಿ, ಟಾಯ್ಲೆಟ್ಟಿಗೆ ಎರಡು ಸಲ ನೀರು ಬಿಡಿ, ಫೋನನ್ನು ಈ ಪ್ಲಾಸ್ಟಿಕ್ ಕವರಿನಿಂದ ತೆಗೀಬೇಡಿ. ಎಲ್ಲದಕ್ಕೂ ತಲೆಯಾಡಿಸಿದರು. ಒಡವೆ ತೆಗೆದಿಡಿ ಅಂದಾಗ ಬಳೆ, ಓಲೆ ಬಿಚ್ಚಿದರು. ತಾಳಿಗೆ ಕೈ ಹೋಗಲಿಲ್ಲ.

ಅದು ಸರ ಅಲ್ಲ, ಅರಿಶಿನ ದಾರ. ಕತ್ತಿನ ಬೆವರನ್ನೆಲ್ಲ ಹೀರಿಕೊಳ್ಳುತ್ತದೆ, ಆ ಬೆವರಲ್ಲಿ ಅಯೋಡಿನ್ ಇರುತ್ತದೆ. ಹೇಳಿದೆ. 'ಕ್ಯಾನ್ಸರ್ ಬಂದಾಗಲೂ ಬಿಚ್ಚಿಲ್ಲ, ಆಪರೇಷನ್ನಿಗೂ ಕೈಗೆ ಕಟ್ಕೊಂಡಿದ್ದೆ' ಅಂದರು. ಡಾಕ್ಟರ್ ಬಲವಂತ ಮಾಡೋದು ಬೇಡ ಅಂದರು. ದಾರದಿಂದ ಅವರ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ, ಆಮೇಲೆ ನಾವು ನೋಡಿಕೊಂಡರೆ ಆಯ್ತು ಅಂತ.

ನೂರು ಮಿಲಿಕ್ಯೂರಿಯ ಕ್ಯಾಪ್ಸೂಲ್. ಸೀಸದ ಡಬ್ಬಿಯ ಮುಚ್ಚಳ ತೆಗೆದು ದೂರ ನಿಂತೆ, ಅವರೇ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಅಲ್ಲಿಂದ ಮೂರು ದಿನ ಮಾತೆಲ್ಲ ಫೋನಿನಲ್ಲೇ. ದಿನಾ ಬೆಳಗ್ಗೆ ಒಂದು ಮೀಟರ್ ದೂರದಲ್ಲಿ ನಿಂತು ಅಳೆಯುತ್ತಿದ್ದೆ. ಮೈಮೇಲೆ ಎಷ್ಟು ವಿಕಿರಣ ಬೀಳುತ್ತದೆ ಅನ್ನುವುದರ ಅಳತೆ ಮೈಕ್ರೋಸೀವರ್ಟ್. ಮೊದಲು ಗಂಟೆಗೆ 170ರ ಹತ್ತಿರ ಇದ್ದದ್ದು ಮೂರನೇ ದಿನ 30ಕ್ಕೆ ಬಂತು. ಗಂಟೆಗೆ 50 ಮೈಕ್ರೋಸೀವರ್ಟಿಗಿಂತ ಕಮ್ಮಿ ಆದರೆ ಮನೆಗೆ ಕಳಿಸಬಹುದು. ಕೆಲವು ದಿನ ಬೇರೆ ಮಲಗಬೇಕು, ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬಾರದು, ಬಸುರಿ ಹೆಂಗಸರ ಹತ್ತಿರ ಕೂರಬಾರದು ಅಂತ ಬರೆದುಕೊಟ್ಟೆವು.

ಹೊರಡುವ ಮುಂಚೆ ದಾರ ಅಳೆದರೆ ಮೀಟರು ಕೂಗಿಕೊಂಡಿತು. ಗಂಡ ಹೊಸ ದಾರ ತಂದಿದ್ದರು. ಚಿನ್ನದ ತಾಳಿ, ಗುಂಡು ತೊಳೆದರೆ ಸ್ವಚ್ಛ ಆದವು, ಅವನ್ನು ಹೊಸ ದಾರಕ್ಕೆ ಪೋಣಿಸಿ ಕಟ್ಟಿಕೊಂಡರು. ಹಳೇ ದಾರ ನಮ್ಮ ಹತ್ತಿರ ಉಳಿಯಿತು. 'ಕಸಕ್ಕೆ ಹಾಕಬೇಡಿ ಮೇಡಂ, ಗಿಡದ ಬುಡಕ್ಕೆ ಹಾಕಬೇಕು' ಅಂದರು. ಹಳೇ ತಾಳಿದಾರವನ್ನು ನಮ್ಮಮ್ಮನೂ ಎಲ್ಲೆಂದರಲ್ಲಿ ಎಸೆಯುವುದಿಲ್ಲ. ಒಂದು ಚಿಕ್ಕ ಕವರಿಗೆ ಹಾಕಿ, ಅಯೋಡಿನ್-131 ಅಂತ ಬರೆದು, ತಾರೀಕು ಹಾಕಿ, ಮೂರೆಲೆ ಗುರುತಿನ ಚೀಟಿ ಅಂಟಿಸಿ, ವಿಕಿರಣದ ಕಸವನ್ನು ಬೀಗ ಹಾಕಿ ಕಾಯುವ ಡಿಕೇ ರೂಮಿನ ಮೇಲಿನ ಶೆಲ್ಫಿನಲ್ಲಿ ಇಟ್ಟೆ. ಮುಂದಿನ ಚೆಕಪ್ಪಿಗೆ ಬಂದಾಗ ಕೊಡುತ್ತೇನೆ ಅಂತ ಮಾತು ಕೊಟ್ಟೆ.

ಆ ಡಿಕೇ ರೂಮಿನಲ್ಲಿ ನಿಜವಾದ ಕಷ್ಟ ವಿಕಿರಣ ಅಲ್ಲ, ವಾಸನೆ. ಇದನ್ನು ನನಗೆ ಯಾವ ಕ್ಲಾಸಿನಲ್ಲೂ ಯಾರೂ ಹೇಳಿರಲಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ರಕ್ತ, ಮಲ ತಾಗಿದ ಹಳದಿ ಚೀಲದ ಕಸವನ್ನು ಸಂಸ್ಕರಿಸದೆ 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ವಿಕಿರಣ ಇರುವ ಕಸ ಆ ನಿಯಮಕ್ಕೆ ಬರುವುದಿಲ್ಲ, ಅದಕ್ಕೆ ಆಗ ಇದ್ದದ್ದು 1962ರ ಪರಮಾಣು ಶಕ್ತಿ ಕಾಯ್ದೆ, 1987ರಲ್ಲಿ ಬಂದ ಬೇರೆ ನಿಯಮ. ಆದರೆ ಡೈಪರ್ರಿಗೆ, ಉಂಡು ಬಿಟ್ಟ ಸಾರು ಅನ್ನಕ್ಕೆ ಕಾಯ್ದೆ ಗೊತ್ತಾಗುತ್ತಾ? ಒಂದು ನಿಯಮ ಬೇಗ ಕಳಿಸು ಅನ್ನುತ್ತದೆ, ಇನ್ನೊಂದು ಎಂಬತ್ತು ದಿನ ಇಟ್ಟುಕೋ ಅನ್ನುತ್ತದೆ. ಬೇಸಿಗೆಯಲ್ಲಿ ಆ ಕೋಣೆಯ ಬಾಗಿಲು ತೆಗೆದರೆ ತಲೆ ತಿರುಗುತ್ತಿತ್ತು. ಡೀಪ್ ಫ್ರೀಜರ್ ಬೇಕು ಅಂತ ಮೂರು ಸಲ ಬರೆದುಕೊಟ್ಟ ಮೇಲೆ ಬಂತು. ಕೊಳೆಯುವುದೆಲ್ಲ ಅದರೊಳಗೆ ಹೋಯ್ತು. ಅಯೋಡಿನ್ ತಣ್ಣಗಿದ್ದರೂ ಬಿಸಿ ಇದ್ದರೂ ಎಂಟು ದಿನಕ್ಕೇ ಅರ್ಧ ಆಗುವುದು, ಅದಕ್ಕೆ ಯಾವ ವ್ಯತ್ಯಾಸವೂ ಇಲ್ಲ.

ದಾರ ಶೆಲ್ಫಿಗೆ ಹೋಗಿ ಸುಮಾರು ನಲವತ್ತು ದಿನ ಆಗಿತ್ತು. ಒಬ್ಬರು ವಯಸ್ಸಾದವರು ವಾರ್ಡಿನಲ್ಲಿದ್ದರು, ಮೊದಲೇ ಸ್ಟ್ರೋಕ್ ಆಗಿತ್ತು, ಡೈಪರ್ ಹಾಕಬೇಕಿತ್ತು. ಬೆಳಗ್ಗೆ ಎಂಟಕ್ಕೆ ನಾನು ರಿಜಿಸ್ಟರ್ ನೋಡಿದೆ. ರಾತ್ರಿ ಮೂರು ಸಲ ಬದಲಾಯಿಸಿದ್ದಾರೆ ಅಂತ ಬರೆದಿದೆ. ಫ್ರೀಜರಿನಲ್ಲಿ ಎರಡೇ ಚೀಲ.

ಎರಡು ಸಲ ಎಣಿಸಿದೆ. ಎರಡೇ.

ಹತ್ತೂವರೆಗೆ ಕಸದ ಗಾಡಿ ಬರುತ್ತದೆ. ಇಡೀ ಆಸ್ಪತ್ರೆಯ ಹಳದಿ ಚೀಲ ಅದರಲ್ಲಿ ಹೋಗಿ ಸುಡುವ ಕಡೆ ಸೇರುತ್ತದೆ. ಅಲ್ಲಿ ಅಯೋಡಿನ್ ಸುಟ್ಟರೆ ಹೊಗೆಯಲ್ಲಿ ಹೋಗುತ್ತದೆ. ಮೀಟರು ಎತ್ತಿಕೊಂಡು ಹಿಂದಿನ ಶೆಡ್ಡಿಗೆ ಓಡಿದೆ. ಅಕ್ಕ ಅಲ್ಲೇ ಚೀಲಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಅಕ್ಕ ದೂರ ನಿಲ್ಲಿ ಅಂದೆ, ಧ್ವನಿ ನಡುಗುತ್ತಿತ್ತು. ಮೊದಲ ಚೀಲ, ಏನಿಲ್ಲ. ಎರಡನೇದು, ಏನಿಲ್ಲ. ಮೂರನೇ ಸಾಲಿನ ಮೂಲೆಗೆ ಹೋದಾಗ ಮೀಟರು ಏರಿತು. ಒಂದು ಅಡಿ ದೂರದಲ್ಲೇ ಗಂಟೆಗೆ ಐವತ್ತರ ಹತ್ತಿರ. ಸಿಕ್ಕಿತು.

ಎರಡು ಗ್ಲೌಸು ಹಾಕಿಕೊಂಡು ಇನ್ನೊಂದು ಚೀಲದೊಳಗೆ ಹಾಕಿ ಡಿಕೇ ರೂಮಿಗೆ ತಂದೆ. ರಾತ್ರಿ ಪಾಳಿಗೆ ಕಂಟ್ರಾಕ್ಟಿನ ಹೊಸ ಹುಡುಗಿ ಬಂದಿದ್ದಳು, ಡೈಪರ್ ಅಂದರೆ ಹಳದಿ ಚೀಲ ಅಂತ ಅವಳಿಗೆ ಗೊತ್ತಿತ್ತು, ಹಾಗೇ ಹಾಕಿ ಕಟ್ಟಿ ಬಾಗಿಲ ಹೊರಗೆ ಇಟ್ಟಿದ್ದಳು. ಬೆಳಗ್ಗೆ ಆರಕ್ಕೆ ಆ ಚೀಲವನ್ನು ಶೆಡ್ಡಿಗೆ ಹೊತ್ತವರು ನಮ್ಮ ಅಕ್ಕ.

ವಾಪಸ್ ಬಂದಾಗ ಅಕ್ಕ ಎರಡೂ ಕೈಯನ್ನು ಮುಂದೆ ಚಾಚಿಕೊಂಡು, ಯಾವುದನ್ನೂ ಮುಟ್ಟದೆ ನಿಂತಿದ್ದರು. 'ಮೇಡಂ, ನಂಗೇನೂ ಆಗಲ್ಲ ತಾನೇ? ಮನೇಲಿ ಮೊಮ್ಮಗು ಐತೆ.'

ಕೈ, ಬೆರಳ ಸಂದಿ, ಸೀರೆ, ಚಪ್ಪಲಿ, ಕತ್ತು ಎಲ್ಲಾ ಅಳೆದೆ. ಎಲ್ಲೂ ಏನೂ ಅಂಟಿರಲಿಲ್ಲ, ಗ್ಲೌಸು ಹಾಕಿಕೊಂಡಿದ್ದರು, ಚೀಲ ಸೋರಿರಲಿಲ್ಲ. ಹೊತ್ತದ್ದು ಹತ್ತು ನಿಮಿಷ. ಅವರ ಮುಂದೆಯೇ ಲೆಕ್ಕ ಹಾಕಿದೆ, ಸುಮಾರು 8 ಮೈಕ್ರೋಸೀವರ್ಟ್. ಒಂದು ಎದೆ ಎಕ್ಸ್-ರೇಗೆ ಸುಮಾರು 20 ಬೀಳುತ್ತದೆ. ಸಾಮಾನ್ಯ ಜನರಿಗೆ ವರ್ಷದ ಮಿತಿ 1000. ಏನೂ ಆಗಲ್ಲ ಅಕ್ಕ, ಮಗುವನ್ನು ಎತ್ಕೊಳ್ಳಿ ಅಂದೆ. ನಂಬಿದರು. ಆಮೇಲೆ ಕೂತು, ನೀರು ಕುಡಿದು ಕೇಳಿದರು.

'ನೀವು ನಂಗೆ ಹೇಳಿದ್ದು ಆ ಬಾಗಿಲ ಒಳಕ್ಕೆ ಹೋಗಬೇಡ ಅಂತ ಮಾತ್ರ. ನಾನು ಒಂದು ದಿನಾನೂ ಹೋಗಿಲ್ಲ. ಬಾಗಿಲಿಂದ ಹೊರಕ್ಕೆ ಬಂದ ಚೀಲ ಏನು ಅಂತ ನಂಗೆ ಯಾರು ಹೇಳಿದ್ರು?'

ಉತ್ತರ ಇರಲಿಲ್ಲ. ಟ್ರೇನಿಂಗ್ ಆಗಿತ್ತು. ಇಂಗ್ಲಿಷಿನಲ್ಲಿ. ಎಲ್ಲರ ಸಹಿಯೂ ಇತ್ತು, ಅಕ್ಕನದೂ ಇತ್ತು. ಆ ಹಳದಿ ಬೋರ್ಡಿನ ಮೂರೆಲೆ ಗುರುತು ಏನು ಅಂತ ತಿಳಿದುಕೊಂಡಿದ್ದಿರಿ ಅಂತ ಕೇಳಿದೆ. 'ಫ್ಯಾನು ಅಲ್ವಾ? ಒಳಗೆ ಎಸಿ ಐತೆ, ಬಾಗಿಲು ಮುಚ್ಚಿ ಅಂತ ಅಂದ್ಕೊಂಡಿದ್ದೆ' ಅಂದರು. ತಾತನಿಗೆ ಹಾಳೆಯಲ್ಲಿ ಬರೆದು ವಿವರಿಸಿದ ನಾನು, ದಿನಾ ಜೊತೆಯಲ್ಲಿ ಟೀ ಕುಡಿಯುವ ಅಕ್ಕನಿಗೆ ಹಸುವಿನ ಮಾತು ಹೇಳಿದ್ದೆ, ಇದನ್ನು ಹೇಳಿರಲಿಲ್ಲ. ಮುಂಬೈಯಿಂದ ಹಿಡಿದು ಮೇಸ್ತ್ರಿಯವರೆಗೆ ಎಲ್ಲರಿಗೂ ನಿಯಮ ಮುಟ್ಟಿತ್ತು. ಚೀಲ ಹೊರುವ ಕೈಗೆ ಮುಟ್ಟಿರಲಿಲ್ಲ.

ಏನೂ ಆಗಿಲ್ಲವಲ್ಲ, ಇದನ್ನು ಇಲ್ಲಿಗೇ ಬಿಡಿ ಅಂತ ಮ್ಯಾನೇಜ್‌ಮೆಂಟಿನ ಒಬ್ಬರು ಹೇಳಿದರು. ಆರ್‌ಎಸ್‌ಓ ಸರ್ ಬಿಡಲಿಲ್ಲ. ನಡೆದದ್ದು ನಡೆದ ಹಾಗೆ ಬರೆದರು, ಕೆಳಗೆ ನನ್ನದೂ ಸಹಿ. ಮುಂದಿನ ವಾರವೇ ಎಲ್ಲಾ ಪಾಳಿಯವರನ್ನೂ ಕೂರಿಸಿ ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಹೇಳಿದೆವು, ನಮ್ಮಲ್ಲಿ ಅರ್ಧ ಜನಕ್ಕೆ ಮನೆಮಾತು ತೆಲುಗು. ಪೇಪರಿಗೆ ಸಹಿ ಹಾಕಿಸಲಿಲ್ಲ, ಒಬ್ಬೊಬ್ಬರ ಕೈಯಲ್ಲೂ ಮೀಟರು ಹಿಡಿಸಿ ಮಾಡಿಸಿದೆವು. ಅಯೋಡಿನ್ ವಾರ್ಡಿನ ಬಾಗಿಲ ಹೊರಗೆ ಹಳದಿ ಚೀಲವೇ ಇಡುವುದಿಲ್ಲ. ಶೆಡ್ಡಿನ ಬಾಗಿಲಲ್ಲಿ ಒಂದು ಮೀಟರು ಗೋಡೆಗೆ ಹಾಕಿದೆವು, ಗಾಡಿಗೆ ಹೋಗುವ ಪ್ರತಿ ಚೀಲ ಅದರ ಮುಂದೆ ಹಾದು ಹೋಗಬೇಕು. ಅಯೋಡಿನ್ ವಾರ್ಡಿನ ಕೆಲಸಕ್ಕೆ ಬರುವ ಹೌಸ್‌ಕೀಪಿಂಗಿನವರಿಗೂ ನಮ್ಮ ಹಾಗೆಯೇ ಎದೆಗೆ ಟಿಎಲ್‌ಡಿ ಬ್ಯಾಡ್ಜು. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿದರೆ ಎಷ್ಟು ವಿಕಿರಣ ಬಿದ್ದಿದೆ ಅಂತ ಲೆಕ್ಕ ಬರುತ್ತದೆ. ಬ್ಲೀಚಿಂಗ್ ವಿಷಯವನ್ನು ಬೇರೆಯಾಗಿ ಹೇಳಬೇಕಾಯ್ತು. ನೆಲಕ್ಕೆ ಏನು ಚೆಲ್ಲಿದರೂ ಬ್ಲೀಚಿಂಗ್ ಸುರಿಯುವುದು ಅವರ ಅಭ್ಯಾಸ. ಅಯೋಡಿನ್ ಚೆಲ್ಲಿದ ಕಡೆ ಬ್ಲೀಚಿಂಗ್, ಆಸಿಡ್ ಹಾಕಿದರೆ ಅದು ಆವಿಯಾಗಿ ಗಾಳಿಗೆ ಏಳುತ್ತದೆ, ಉಸಿರಿಗೆ ಹೋಗುತ್ತದೆ. ಮೊದಲು ಹೀರುವ ಪೇಪರು ಮುಚ್ಚಿ, ಆಮೇಲೆ ಅಂಚಿನಿಂದ ನಡುವಿನ ಕಡೆಗೆ ಒರೆಸಿ, ನಮ್ಮನ್ನು ಕರೀರಿ ಅಂತ ಹೇಳಿಕೊಟ್ಟೆವು.

ಗೋಡೆಯ ಮೀಟರು ಅದಾದ ಮೇಲೆ ಎರಡು ಸಲ ಕೂಗಿದೆ. ಎರಡೂ ಸಲ ಸ್ಕ್ಯಾನ್ ಆಗಿ ವಾರ್ಡಿಗೆ ಹೋದ ರೋಗಿಗಳ ಡೈಪರ್, ಟೆಕ್ನೀಷಿಯಂ. ಎರಡೂ ಸಲ ಚೀಲ ತಡೆದು ನನ್ನನ್ನು ಕರೆದದ್ದು ಅಕ್ಕ.

ಮೊದಲ ಟ್ಯಾಂಕು ತುಂಬಿ ಮುಚ್ಚಿದ ಮೇಲೆ ಎಂಬತ್ತಕ್ಕೆ ನಿಲ್ಲಿಸದೆ ತೊಂಬತ್ತು ದಿನ ಬಿಟ್ಟೆವು. ಆಮೇಲೆ ಒಂದು ಚಿಕ್ಕ ಬಾಟಲಿಯಲ್ಲಿ ನೀರು ತೆಗೆದು ಯಂತ್ರದಲ್ಲಿ ಎಣಿಸಿ, ಮಿತಿಗಿಂತ ತುಂಬಾ ಕೆಳಗಿದೆ ಅಂತ ಖಚಿತ ಮಾಡಿಕೊಂಡು, ಬರೆದು, ಸಹಿ ಹಾಕಿ, ವಾಲ್ವ್ ತಿರುಗಿಸಿದೆವು. ಆರ್‌ಎಸ್‌ಓ ಸರ್ ಆ ತಾತನಿಗೂ ಹೇಳಿ ಕಳಿಸಿದ್ದರು. ಬಂದರು. ಅವತ್ತು ಬರೆದಿಟ್ಟ ಹಾಳೆ ತೆಗೆಸಿ, ಚೇಂಬರಿನ ಮೇಲೆ ಮೀಟರು ತಾವೇ ಹಿಡಿದು, ಎರಡೂ ಅಂಕಿ ಹೋಲಿಸಿ ನೋಡಿ, ಬಿಸಿಲು ಏರುವ ಮುಂಚೆ ಮನೆಗೆ ಹೋದರು.

ಶ್ರೀನಿವಾಸಪುರದ ಅಮ್ಮ ಆರು ತಿಂಗಳ ಚೆಕಪ್ಪಿಗೆ ಬಂದರು. ಸ್ಕ್ಯಾನಿನಲ್ಲಿ ಏನೂ ಉಳಿದಿರಲಿಲ್ಲ. ನಾನು ಶೆಲ್ಫಿನಿಂದ ಕವರು ಇಳಿಸಿದೆ. ಅಳೆಯುವ ಕೆಲಸ ಅಕ್ಕನಿಗೇ ಕೊಟ್ಟೆ. ಅವರು ಮೊದಲು ಕಾರಿಡಾರಿನ ಗಾಳಿ ಅಳೆದರು, ಆಮೇಲೆ ಕವರಿನ ಒಂದು ಬದಿ, ಮತ್ತೊಂದು ಬದಿ. 'ಎರಡೂ ಒಂದೇ ಐತೆ ಮೇಡಂ.' ಚೀಟಿಯ ಮೂರೆಲೆ ಗುರುತನ್ನು ಉಗುರಿನಿಂದ ಕೆರೆದು ಪೂರ್ತಿ ತೆಗೆದರು, ದಾರವನ್ನು ಹೊಸ ಪೇಪರಿನಲ್ಲಿ ಸುತ್ತಿ ಎರಡೂ ಕೈಯಲ್ಲಿ ಕೊಟ್ಟರು. ಆ ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಬ್ಯಾಗಿನ ಒಳಗಿನ ಜೇಬಿಗೆ ಹಾಕಿದರು, ಶ್ರೀನಿವಾಸಪುರದ ಬಸ್ಸು ಎಷ್ಟೊತ್ತಿಗಿದೆ ಅಂತ ಅಕ್ಕನನ್ನು ಕೇಳಿದರು.